ರೆಸ್ಯೂಮೆ ರಾಯರು

ಕೆನಡಾದ ಬ್ರಾಂಪ್ಟನ್, ಮಿಸಿಸಾಗಾ ಕಡೆ ಯಾವ ಬೇಸ್‌ಮೆಂಟಿನ ಬಾಗಿಲು ತಟ್ಟಿದರೂ ಒಬ್ಬರಲ್ಲ ಒಬ್ಬರು ರೆಸ್ಯೂಮೆ ರಾಯರು ಸಿಗುತ್ತಾರೆ. ರಾಯರೇ ಆಗಿರಬೇಕೆಂದಿಲ್ಲ. ಗೌಡರಿರಬಹುದು, ಪಾಟೀಲರಿರಬಹುದು, ಶೆಟ್ಟರಿರಬಹುದು. ಕನ್ನಡದವರೇ ಆಗಿರಬೇಕೆಂದೂ ಇಲ್ಲ. ಲಾಹೋರಿನ ಡಾಕ್ಟರು, ಮನಿಲಾದ ನರ್ಸು, ಲಾಗೋಸಿನ ಅಕೌಂಟೆಂಟು ಎಲ್ಲರದೂ ಇದೇ ಗೋತ್ರ. ನಾನು ಹೇಳಹೊರಟಿರುವ ರಾಯರು ಮೈಸೂರಿನವರು. 1998ರಲ್ಲಿ ಶುರುವಾದ ವಿಟಿಯುವಿನ ಮೊದಲ ತಂಡದಲ್ಲಿ ಓದಿ 2002ರಲ್ಲಿ ಹೊರಬಿದ್ದ ಸಿವಿಲ್ ಇಂಜಿನಿಯರು. ಆಮೇಲೆ ಎಂ.ಟೆಕ್. ಕೂಡ ಆಯಿತು. (‘ಇಂಜಿನಿಯರು’ ಅನ್ನುವುದನ್ನು ಒಂಟಾರಿಯೊ ಪ್ರಾಂತ್ಯದಲ್ಲಿ ಇಷ್ಟು ಧಾರಾಳವಾಗಿ ಹೇಳುವಂತಿಲ್ಲ. ಯಾಕೆನ್ನುವುದು ಮುಂದೆ ಬರುತ್ತದೆ.)

ರಾಯರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಯಾರದಾದರೂ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಹೊಸ ಮುಖ ಕಂಡರೆ ಉಳಿದವರು “ಊರ ಕಡೆ ಎಲ್ಲಾಯ್ತು?” ಅಂತ ಕೇಳುತ್ತಾರೆ. ರಾಯರು “ಲ್ಯಾಂಡ್ ಆಗಿ ಎಷ್ಟು ದಿನ ಆಯ್ತು?” ಅಂತ ಕೇಳುತ್ತಾರೆ. ಹುಡುಗ “ಮೂರು ವಾರ ಆಯ್ತು ಸಾರ್” ಅನ್ನುವಷ್ಟರಲ್ಲಿ ಎರಡನೆಯ ಪ್ರಶ್ನೆ ಬಿದ್ದಿರುತ್ತದೆ: “ರೆಸ್ಯೂಮೆ ಎಷ್ಟು ಪುಟ?”

ಎರಡು ಪುಟ ಅಂದರೆ ರಾಯರಿಗೆ ಸ್ವಲ್ಪ ನಿರಾಸೆ. ಆರು ಅಂದರೆ ಮುಖ ಅರಳುತ್ತದೆ. ಸಜ್ಜಿಗೆ ಪ್ರಸಾದದ ಕಪ್ಪನ್ನು ಪಕ್ಕಕ್ಕಿಟ್ಟು, ಟಿಶ್ಯೂ ಪೇಪರಿಗೆ ಕೈಯ ತುಪ್ಪ ಒರೆಸಿಕೊಂಡು, ಜೇಬಿನಿಂದ ಕೆಂಪು ಪೆನ್ನು ತೆಗೆಯುತ್ತಾರೆ. “ಫೋನಲ್ಲಿ ತೋರಿಸಬೇಡ. ನಾಳೆ ಪ್ರಿಂಟ್ ತಗೊಂಡು ಮನೆಗೆ ಬಾ. ಒಂದು ಸಾಲು ಬಿಟ್ಟು ಒಂದು ಸಾಲು.”

ಮಾರನೆಯ ದಿನ ಬೇಸ್‌ಮೆಂಟಿನ ಊಟದ ಮೇಜಿನ ಮೇಲೆ ನಡೆಯುವ ಶಸ್ತ್ರಚಿಕಿತ್ಸೆಯನ್ನು ನಾನು ನೋಡಿದ್ದೇನೆ. ನಮ್ಮ ಕಡೆಯ ಬಯೋಡೇಟಾ ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ: ಬಲಮೂಲೆಯಲ್ಲಿ ಕೋಟು ತೊಟ್ಟ ಫೋಟೊ, ತಂದೆಯ ಹೆಸರು, ಜನ್ಮದಿನಾಂಕ, ವಿವಾಹಿತ, ಮಾತೃಭಾಷೆ, ಪಾಸ್‌ಪೋರ್ಟ್ ನಂಬರು, ಹವ್ಯಾಸಗಳ ಕೆಳಗೆ ಕ್ರಿಕೆಟ್ ನೋಡುವುದು ಮತ್ತು ಸಂಗೀತ ಕೇಳುವುದು, ಕಟ್ಟಕಡೆಗೆ ‘ಮೇಲ್ಕಂಡ ವಿವರಗಳೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’, ಸ್ಥಳ, ದಿನಾಂಕ, ರುಜು. ರಾಯರ ಪೆನ್ನು ಮೊದಲು ಫೋಟೊದ ಮೇಲೆ ಬೀಳುತ್ತದೆ.

“ಇದು ಹೆಣ್ಣಿನ ಕಡೆಯವರಿಗೆ ಕಳಿಸು. ಇಲ್ಲಿ ಬೇಡ. ಅಪ್ಪನ ಹೆಸರು ಯಾಕೆ? ಅವರು ನಿಮ್ಮಪ್ಪನ್ನ ಕೆಲಸಕ್ಕೆ ತಗೋತಾರಾ? ವಯಸ್ಸು ತೆಗಿ. ಅವರು ಕೇಳೋ ಹಂಗಿಲ್ಲ, ನೀನು ಹೇಳೋ ಹಂಗಿಲ್ಲ.”

“ಪ್ರಮಾಣ ಇರಲಿ ಅಲ್ವಾ ಸಾರ್?”

“ಎಲ್ಲಾ ಸತ್ಯ ಅಂತ ನೀನೇ ಬರೆದ್ರೆ ಅನುಮಾನ ಬರುತ್ತಪ್ಪಾ.”

ಆಮೇಲೆ ಕ್ರಿಯಾಪದಗಳ ಸರದಿ. ‘ಜವಾಬ್ದಾರಿ ಹೊತ್ತಿದ್ದೆ’ ಅನ್ನುವುದು ರಾಯರ ಪ್ರಕಾರ ಏನೂ ಮಾಡದವನ ಮಾತು. ಲೆಡ್, ಡೆಲಿವರ್ಡ್, ಅಚೀವ್ಡ್ ಅಂತ ಶುರುವಾಗಬೇಕು, ಪ್ರತಿ ಸಾಲಿನಲ್ಲೂ ಒಂದು ಅಂಕಿ ಇರಬೇಕು. ‘ಸೇತುವೆ ಕಟ್ಟಿಸಿದೆ’ ಎಂದರೆ ಸಾಲದು, ಎಷ್ಟು ಮೊದಲೇ ಕಟ್ಟಿಸಿದೆ?

“ಮೊದಲೇ ಎಲ್ಲಿ ಸಾರ್, ಎರಡು ವರ್ಷ ಲೇಟಾಯ್ತು.”

“ಹಾಗಾದ್ರೆ ‘ಅತ್ಯಂತ ಸವಾಲಿನ ಸನ್ನಿವೇಶದಲ್ಲಿ ಪೂರ್ಣಗೊಳಿಸಿದೆ’ ಅಂತ ಹಾಕು.”

ಹೀಗೆ ರಾಯರ ಕೈಯಿಂದ ಎರಡು ಪುಟಕ್ಕಿಳಿದು ಹೋದ ಹುಡುಗರಲ್ಲಿ ಬಹುತೇಕರಿಗೆ ಕೆಲಸ ಸಿಕ್ಕಿದೆ. ಒಬ್ಬ ಬ್ಯಾಂಕಿನಲ್ಲಿದ್ದಾನೆ, ಒಬ್ಬಳು ಇನ್ಶೂರೆನ್ಸ್ ಕಂಪನಿಯಲ್ಲಿ, ಇಬ್ಬರು ವಾಟರ್‌ಲೂ ಕಡೆ ಸಾಫ್ಟ್‌ವೇರಿನಲ್ಲಿ. ಗಣೇಶನ ಹಬ್ಬಕ್ಕೆ ಸಿಕ್ಕಾಗ “ರಾಯರಿಂದಲೇ ಆಯ್ತು” ಅಂತ ಕಾಲಿಗೆ ನಮಸ್ಕಾರ ಮಾಡುತ್ತಾರೆ. ರಾಯರು ಆಶೀರ್ವಾದ ಮಾಡಿ, ಅವರ ಕಂಪನಿಯಲ್ಲಿ ಸಿವಿಲ್ ಕಡೆ ಏನಾದರೂ ಖಾಲಿ ಇದೆಯೇ ಎಂದು ಮೆಲ್ಲಗೆ ಕೇಳುತ್ತಾರೆ. ಏಕೆಂದರೆ ರಾಯರಿಗೇ ಫೀಲ್ಡ್ ಜಾಬ್, ಅಂದರೆ ಓದಿಗೆ ತಕ್ಕ ಕೆಲಸ, ಸಿಕ್ಕಿಲ್ಲ. 2018ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಟೊರಾಂಟೊದ ಪಿಯರ್ಸನ್ ಏರ್‌ಪೋರ್ಟಿನಲ್ಲಿ ಇಳಿದಾಗಿನಿಂದ ಅವರು ಕೆಲಸ ಹುಡುಕುವುದನ್ನೇ ಎಷ್ಟು ಶ್ರದ್ಧೆಯಿಂದ ಮಾಡಿದ್ದಾರೆಂದರೆ ಈಗ ಅವರ ನಿಜವಾದ ಪರಿಣತಿ ಅದೇ ಆಗಿದೆ. ಅದಕ್ಕೆ ಸಂಬಳ ಕೊಡುವವರು ಮಾತ್ರ ಇಲ್ಲ.

ಅವರು ಬಂದದ್ದಾದರೂ ಕಳ್ಳದಾರಿಯಿಂದಲ್ಲ, ಆರಿಸಿ ಕರೆಸಿಕೊಂಡದ್ದು. ವಲಸೆ ಬರುವವರಿಗೆ ಅಂಕ ಕೊಟ್ಟು ಆರಿಸುವ ಪದ್ಧತಿಯನ್ನು ಕೆನಡಾ 1967ರಲ್ಲೇ ತಂದಿತು. 2015ರಿಂದ ಅದಕ್ಕೆ ಎಕ್ಸ್‌ಪ್ರೆಸ್ ಎಂಟ್ರಿ ಎಂದು ಹೆಸರು, ಒಟ್ಟು 1200 ಅಂಕದ ಪರೀಕ್ಷೆ. ಓದಿಗೆ ಅಂಕ, ಊರಿನಲ್ಲಿ ಮಾಡಿದ ಕೆಲಸಕ್ಕೆ ಅಂಕ, ಇಂಗ್ಲಿಷಿಗೆ ಅಂಕ, ಹೆಂಡತಿಯ ಇಂಗ್ಲಿಷಿಗೂ ಅಂಕ. ವಯಸ್ಸಿನದು ಮಾತ್ರ ಉಲ್ಟಾ ಲೆಕ್ಕ. ಗಂಡ ಹೆಂಡತಿ ಜೊತೆಯಾಗಿ ಹೊರಟರೆ ಇಪ್ಪತ್ತೊಂಬತ್ತರವರೆಗೆ 100, ಅಲ್ಲಿಂದ ಮುಂದೆ ವರ್ಷಕ್ಕೆ ಐದೈದು ಖೋತಾ, ನಲವತ್ತು ದಾಟಿದ ಮೇಲೆ ಹತ್ತು ಹತ್ತು, ನಲವತ್ತೈದಕ್ಕೆ ಸೊನ್ನೆ. ಅರ್ಜಿ ಹಾಕಿ ಕಾಯುತ್ತಿದ್ದ ವರ್ಷ ರಾಯರು ಹುಟ್ಟುಹಬ್ಬ ಆಚರಿಸಿಕೊಳ್ಳಲಿಲ್ಲ. “ನಾನು ಕೇಕ್ ಕತ್ತರಿಸಿದ್ರೆ ಅವರು ಅಂಕ ಕತ್ತರಿಸ್ತಾರೆ ಸ್ವಾಮಿ” ಎನ್ನುತ್ತಿದ್ದರು.

ಅಂಕಪಟ್ಟಿಗಳನ್ನೆಲ್ಲ ಕಳಿಸಿ ಡಿಗ್ರಿಯ ತೂಕ ಮಾಡಿಸಿಕೊಳ್ಳಬೇಕು, ಅದಕ್ಕೆ ಇಸಿಎ ಎನ್ನುತ್ತಾರೆ. ರಾಯರದು ‘ಕೆನಡಾದ ಮಾಸ್ಟರ್ಸ್ ಪದವಿಗೆ ಸಮಾನ’ ಎಂದು ಬಂತು. ಆ ಕಾಗದವನ್ನು ಲ್ಯಾಮಿನೇಷನ್ ಮಾಡಿಸಿದರು. ಅದನ್ನು ಕೆನಡಾದಲ್ಲಿ ಈವರೆಗೆ ನಂಬಿದವರು ಒಬ್ಬರೇ, ವಲಸೆ ಇಲಾಖೆಯವರು. ಬರಮಾಡಿಕೊಳ್ಳುವುದು ಒಟ್ಟಾವಾ ಸರ್ಕಾರದ ಕೆಲಸ, ವೃತ್ತಿಯ ಲೈಸೆನ್ಸು ಕೊಡಿಸುವುದು ಪ್ರಾಂತ್ಯದ ಕೆಲಸ, ಸಂಬಳ ಕೊಡುವುದು ಕಂಪನಿಯವರ ಕೆಲಸ. ಮೂವರೂ ಒಂದೇ ಕೋಣೆಯಲ್ಲಿ ಕೂತು ಮಾತಾಡಿಕೊಂಡ ಹಾಗೆ ರಾಯರಿಗೆ ಕಾಣುವುದಿಲ್ಲ. ನನಗೂ ಕಾಣುವುದಿಲ್ಲ.

ಈಗ ‘ಇಂಜಿನಿಯರು’ ಎಂಬ ಆ ಪದದ ವಿಷಯ. ಮೈಸೂರಿನಲ್ಲಿ ಪ್ಲಂಬರಿನಿಂದ ಹಿಡಿದು ಪುರೋಹಿತರವರೆಗೆ ರಾಯರನ್ನು ಕರೆಯುತ್ತಿದ್ದುದು ‘ಇಂಜಿನಿಯರ್ ಸಾಹೇಬ್ರೇ’ ಎಂದು. ಒಂಟಾರಿಯೊದಲ್ಲಿ ಆ ಪಟ್ಟಕ್ಕೆ ಕಾನೂನಿನ ಕಾವಲಿದೆ. ಪಿಇಒ ಎಂಬ ನಿಯಂತ್ರಣ ಸಂಸ್ಥೆಯ ಲೈಸೆನ್ಸ್ ಇಲ್ಲದೆ ಹಾಗೆ ಹೇಳಿಕೊಂಡು ವೃತ್ತಿ ನಡೆಸುವವನ ಹಾಗೆ ತೋರಿಸಿಕೊಂಡರೆ ಅಪರಾಧ. ಇದನ್ನು ತಿಳಿದ ದಿನದಿಂದ ರಾಯರು ಎಷ್ಟು ಹುಷಾರಾಗಿದ್ದಾರೆಂದರೆ ಪಾರ್ಟಿಗಳಲ್ಲಿ ಯಾರಾದರೂ ನೀವೇನು ಮಾಡುತ್ತೀರಿ ಎಂದು ಕೇಳಿದರೆ “ನಾನು ಇಂ...” ಎಂದು ಶುರುಮಾಡಿ, ಅತ್ತಿತ್ತ ನೋಡಿ, “ಕಾಂಕ್ರೀಟಿನ ಕಡೆಯವನು” ಎಂದು ಮುಗಿಸುತ್ತಾರೆ. ಮೈಸೂರಿನಲ್ಲಿರುವ ಅವರ ತಾಯಿ ಮಾತ್ರ ಕುವೆಂಪುನಗರದ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ದಿನಾ ಬೆಳಗ್ಗೆ ಈ ಕಾಯ್ದೆಯನ್ನು ಉಲ್ಲಂಘಿಸುತ್ತಾರೆ: “ನಮ್ಮ ಮಗ ಕೆನಡಾದಲ್ಲಿ ದೊಡ್ಡ ಇಂಜಿನಿಯರು.”

ಆ ಲೈಸೆನ್ಸಿನ ದಾರಿ ರಾಯರು ಬಂದ ಕಾಲಕ್ಕೆ ಹೀಗಿತ್ತು: ನಾಲ್ಕು ವರ್ಷದ ಅನುಭವ ಬೇಕು, ಅದರಲ್ಲಿ ಕನಿಷ್ಠ ಹನ್ನೆರಡು ತಿಂಗಳು ಕೆನಡಾದಲ್ಲೇ, ಲೈಸೆನ್ಸ್ ಇರುವ ಇಂಜಿನಿಯರೊಬ್ಬರ ಕೈಕೆಳಗೆ. ಆ ಹನ್ನೆರಡು ತಿಂಗಳ ಕೆಲಸ ಕೇಳಿಕೊಂಡು ಹೋದರೆ ಕಂಪನಿಯವರು “ಲೈಸೆನ್ಸ್ ಇದೆಯಾ?” ಎನ್ನುತ್ತಿದ್ದರು. ಹುಚ್ಚು ಬಿಡದ ಹೊರತು ಮದುವೆಯಾಗುವುದಿಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡುವುದಿಲ್ಲ. ನಮ್ಮ ಹಿರಿಯರು ಒಂಟಾರಿಯೊ ನೋಡದೆಯೇ ಈ ಗಾದೆ ಹೇಗೆ ಮಾಡಿದರೋ!

2023ರ ಮೇ ತಿಂಗಳಲ್ಲಿ ಪಿಇಒ ಆ ಹನ್ನೆರಡು ತಿಂಗಳ ನಿಯಮವನ್ನು ತೆಗೆದುಹಾಕಿತು. ಆ ದಿನ ರಾಯರು ಮೈಸೂರು ಪಾಕ್ ಹಂಚಿದರು. ಆದರೆ ಲೈಸೆನ್ಸ್ ಕೊಡುವವರು ಕೇಳುವುದನ್ನು ಬಿಟ್ಟರೇ ಹೊರತು ಕೆಲಸ ಕೊಡುವವರು ಬಿಟ್ಟಿರಲಿಲ್ಲ. ಕೆನಡಾ ಅನುಭವವೇ ಬೇಕು ಎನ್ನುವುದು ಮೇಲ್ನೋಟಕ್ಕೇ ತಾರತಮ್ಯ ಎಂದು ಒಂಟಾರಿಯೊದ ಮಾನವ ಹಕ್ಕು ಆಯೋಗ 2013ರಲ್ಲೇ ಹೇಳಿತ್ತು. 2026ರ ಜನವರಿ 1ರಿಂದ ಇಪ್ಪತ್ತೈದು ಅಥವಾ ಹೆಚ್ಚು ಜನರಿರುವ ಕಂಪನಿಗಳು ಸಾರ್ವಜನಿಕ ಜಾಹೀರಾತಿನಲ್ಲಿ ಅದನ್ನು ಬರೆಯುವ ಹಾಗೇ ಇಲ್ಲ. ರಾಯರು ಈಗ ಜಾಹೀರಾತುಗಳನ್ನು ಹೊಸ ಕಣ್ಣಿನಿಂದ ಓದುತ್ತಿದ್ದಾರೆ. “ನೋಡಿ ಸ್ವಾಮಿ, ‘ಸ್ಥಳೀಯ ಕೋಡುಗಳ ಪರಿಚಯ’. ಇದು ಅದೇ. ‘ನಮ್ಮ ತಂಡಕ್ಕೆ ಹೊಂದಿಕೊಳ್ಳುವವರು’. ಇದೂ ಅದೇ. ‘ಅತ್ಯುತ್ತಮ ಸಂವಹನ’. ಇದು ಅದರ ಅಪ್ಪ.”

ಅಪ್ಪ ಎಂದಾಗ ನೆನಪಾಯಿತು. ಹಳೆ ಮೈಸೂರಿನವರ ಇನಿಷಿಯಲ್‌ಗಳ ಪದ್ಧತಿ ಪಾಸ್‌ಪೋರ್ಟಿಗೆ ಬಂದಾಗ ತಂದೆಯ ಹೆಸರು ಕೊನೆಗೆ ಹೋಗಿ ಸರ್‌ನೇಮ್ ಆಗಿ ಕೂರುತ್ತದೆ. ಹಾಗಾಗಿ ರಾಯರಿಗೆ ಬರುವ ಕಾಗದಗಳೆಲ್ಲ ‘ಡಿಯರ್ ಮಿಸ್ಟರ್ ನಾರಾಯಣ’ ಎಂದೇ ಶುರುವಾಗುತ್ತವೆ. ಗೋದಾಮಿನ ಸೂಪರ್‌ವೈಸರ್, ಇಪ್ಪತ್ತೆರಡು ವರ್ಷದ ಹುಡುಗ, “ಹೇ ನಾರಾಯಣ್, ಬೇಗ ಬೇಗ!” ಎಂದು ಕೂಗಿದಾಗಲೆಲ್ಲ ರಾಯರು ಬೆಚ್ಚಿ ಹಿಂದೆ ತಿರುಗಿ ನೋಡುತ್ತಿದ್ದರಂತೆ. ತೀರಿಕೊಂಡ ಅಪ್ಪ ಈ ಚಳಿಯಲ್ಲಿ ಡಬ್ಬ ಎತ್ತಲು ಎಲ್ಲಿಂದ ಬಂದರು ಎಂದು.

ಗೋದಾಮು ಅಂದೆ. ಸರ್ವೈವಲ್ ಜಾಬ್ ಎನ್ನುವುದು ಈ ಗೋತ್ರದವರೆಲ್ಲ ದಾಟಲೇಬೇಕಾದ ಸಂಸ್ಕಾರ. ರಾಯರು ಮೊದಲ ಮೂರು ತಿಂಗಳು ಅದಕ್ಕೆ ಒಪ್ಪಲಿಲ್ಲ. ಮೈಸೂರಿನಲ್ಲಿ ಬ್ಯಾಂಕಿನ ಅಧಿಕಾರಿಯಾಗಿದ್ದ ಅವರ ಶ್ರೀಮತಿಯವರು ಬಂದ ಮೂರನೇ ವಾರಕ್ಕೇ ಹತ್ತಿರದ ಡೇಕೇರಿನಲ್ಲಿ ಮಕ್ಕಳಿಗೆ ಕೈತೊಳೆಸುವ ಕೆಲಸ ಹಿಡಿದಿದ್ದರು. ಆಮೇಲೆ ಕಾಲೇಜಿಗೆ ಸೇರಿ, ಆ ಕಸುಬಿನ ಡಿಪ್ಲೊಮಾ ಮುಗಿಸಿ, ರಿಜಿಸ್ಟರ್ ಮಾಡಿಸಿಕೊಂಡು, ಈಗ ಅಲ್ಲೇ ಮೇಲ್ವಿಚಾರಕಿ. ಮನೆಬಾಡಿಗೆ ಕಟ್ಟುವವರು ಅವರೇ. ಅವರ ಬಗ್ಗೆ ಯಾರೂ ಹಾಸ್ಯಲೇಖನ ಬರೆಯುವುದಿಲ್ಲ, ಬರೆಯುವಂಥ ತಪ್ಪನ್ನು ಅವರು ಮಾಡಿಯೇ ಇಲ್ಲ. ಅವರು ಒಂದು ದಿನ ಫ್ರಿಜ್ ಬಾಗಿಲು ತೆರೆದು, “ನಿಮ್ಮ ಫೀಲ್ಡ್ ಜಾಬ್ ಸಿಗೋವರೆಗೂ ಮಗು ಹಾಲಿಲ್ಲದೆ ಇರುತ್ತಾ?” ಎಂದರು. ಅದೇ ಸಂಜೆ ರಾಯರು ಏಜೆನ್ಸಿಯೊಂದಕ್ಕೆ ಹೋದರು.

ಏಜೆನ್ಸಿಯ ಹುಡುಗಿ ರೆಸ್ಯೂಮೆ ನೋಡಿ “ನೀವು ಓವರ್‌ಕ್ವಾಲಿಫೈಡ್” ಎಂದಳು. ಇಂಜಿನಿಯರಿಂಗ್ ಕೆಲಸಕ್ಕೆ ಸಾಲದ ಓದು ಡಬ್ಬ ಎತ್ತಲು ಹೆಚ್ಚಾಗಿತ್ತು! ರಾಯರು ಮನೆಗೆ ಬಂದು ಎಂ.ಟೆಕ್. ತೆಗೆದರು. ಮತ್ತೆ ಹೋದರು, ಮತ್ತೆ ಅದೇ ಉತ್ತರ. ಬಿ.ಇ. ತೆಗೆದರು. ‘ಪ್ರಾಜೆಕ್ಟ್ ಮ್ಯಾನೇಜರ್’ ಹೋಗಿ ‘ಸೂಪರ್‌ವೈಸರ್’ ಆಯಿತು, ಅದೂ ಹೋಗಿ ‘ಹೆಲ್ಪರ್’ ಆಯಿತು. ಎರಡು ಸೇತುವೆ, ಒಂದು ನಾಲೆ, ಒಂದು ಫ್ಲೈಓವರ್ ಡಿಲೀಟಾದವು. ಕೊನೆಗೆ ಅರ್ಧ ಪುಟ ಉಳಿಯಿತು: ಹೈಸ್ಕೂಲ್ ಪಾಸ್, ಐವತ್ತು ಪೌಂಡ್ ಎತ್ತಬಲ್ಲೆ, ಸ್ವಂತ ಸೇಫ್ಟಿ ಶೂ ಇದೆ, ರಾತ್ರಿ ಪಾಳಿಗೆ ಸಿದ್ಧ. ಮಾರನೆಯ ದಿನವೇ ಕರೆ ಬಂತು. ಅವರ ಕೈಯಿಂದ ಹೊರಬಂದ ರೆಸ್ಯೂಮೆಗಳಲ್ಲಿ ಅಷ್ಟು ಬೇಗ ಫಲಿಸಿದ್ದು ಇನ್ನೊಂದಿಲ್ಲ. ಇಂದಿಗೂ ಅವರ ಲ್ಯಾಪ್‌ಟಾಪಿನಲ್ಲಿ ಮೂರು ಫೈಲುಗಳಿವೆ: ‘ರಾವ್ ಫುಲ್’, ‘ರಾವ್ ಹಾಫ್’, ‘ರಾವ್ ನಿಲ್’.

ಗಂಟೆಗೆ ಆಗಿನ ಕನಿಷ್ಠ ಕೂಲಿ 14 ಡಾಲರ್. ಮುಂಗೈಗೆ ಸ್ಕ್ಯಾನರ್ ಕಟ್ಟಿಕೊಂಡು, ಅದು ತೋರಿಸಿದ ರ‍್ಯಾಕಿಗೆ ಓಡಿ, ಡಬ್ಬ ತಂದು ಪ್ಯಾಲೆಟ್ಟಿಗೆ ಜೋಡಿಸುವುದು. ಪಕ್ಕದಲ್ಲಿ ಡಬ್ಬ ಜೋಡಿಸುತ್ತಿದ್ದವರು ಕೊಚ್ಚಿಯ ರಸಾಯನಶಾಸ್ತ್ರದ ಲೆಕ್ಚರರ್, ಕರಾಚಿಯ ಹಲ್ಲಿನ ಡಾಕ್ಟರು, ನೈಜೀರಿಯಾದ ವಕೀಲರು. “ಒಂದು ಯೂನಿವರ್ಸಿಟಿ ತೆರೆಯೋವಷ್ಟು ಸ್ಟಾಫ್ ಇತ್ತು ಸ್ವಾಮಿ ನಮ್ಮ ಪಾಳಿಯಲ್ಲಿ. ಸ್ಟೂಡೆಂಟ್ ಒಬ್ಬನೇ. ಅವನೇ ಸೂಪರ್‌ವೈಸರ್.” ರಾಯರು ಜೋಡಿಸಿದ ಪ್ಯಾಲೆಟ್ ಮಾತ್ರ ಒಂದೂ ವಾಲಲಿಲ್ಲವಂತೆ. ಇಟ್ಟಿಗೆ ಕಟ್ಟಡದ ಹಾಗೆ ಒಂದರ ಸಂದಿನ ಮೇಲೆ ಇನ್ನೊಂದು ಬರುವಂತೆ ಜೋಡಿಸುತ್ತಿದ್ದರು. ಹುಡುಗ ಅದನ್ನು ನೋಡಿ ಮೆಚ್ಚಿ “ಎಲ್ಲಿ ಕಲಿತೆ?” ಎಂದು ಕೇಳಿದ. ‘ರಾವ್ ನಿಲ್’ ನೆನಪಿಗೆ ಬಂದು ರಾಯರು “ಹೀಗೇ, ಯೂಟ್ಯೂಬಿನಲ್ಲಿ” ಎಂದರು.

ಹಗಲು ಅರ್ಜಿ ಹಾಕುವುದು ನಡೆದೇ ಇತ್ತು. ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಓರಿಯೋಪೌಲಸ್ ಎಂಬುವರು ಸುಮಾರು 13,000 ರೆಸ್ಯೂಮೆಗಳನ್ನು ತಾವೇ ಸೃಷ್ಟಿಸಿ ನಿಜವಾದ ಕಂಪನಿಗಳಿಗೆ ಕಳುಹಿಸಿ, ಅದೇ ಓದು ಅದೇ ಅನುಭವವಿದ್ದರೂ ಇಂಗ್ಲಿಷ್ ಹೆಸರಿನವರಿಗೆ ಹೆಚ್ಚು ಕರೆ ಬರುತ್ತದೆಂದು 2011ರಲ್ಲಿ ತೋರಿಸಿದ್ದಾರೆ. ಈ ಸಂಗತಿಯನ್ನು ನಾನು ಹೇಳಿದಾಗ ರಾಯರಿಗೆ ತಾರತಮ್ಯದ ಬಗ್ಗೆ ಬೇಸರವಾಗುತ್ತದೆಂದುಕೊಂಡಿದ್ದೆ. ಅವರು ಬಹಳ ಹೊತ್ತು ಆ ಅಂಕಿಯನ್ನೇ ಯೋಚಿಸಿ, “ಹದಿಮೂರು ಸಾವಿರ! ಅವರಿಗೆ ಅಸಿಸ್ಟೆಂಟುಗಳಿದ್ರು ಬಿಡಿ” ಎಂದರು.

ಇಂಟರ್ವ್ಯೂಗೆ ಕರೆ ಬಂದಿಲ್ಲವೆಂದಲ್ಲ. ಬಂದಾಗಲೆಲ್ಲ ರಾಯರು ಮೊದಲು ನೋಡುವುದು ಎದುರಿಗೆ ಕೂತವರ ಕಿರುಬೆರಳನ್ನು. ಕೆನಡಾದಲ್ಲಿ ಓದಿದ ಇಂಜಿನಿಯರುಗಳು ಬರೆಯುವ ಕೈಯ ಕಿರುಬೆರಳಿಗೆ ಕಬ್ಬಿಣದ ಉಂಗುರ ತೊಡುತ್ತಾರೆ. 1925ರಲ್ಲಿ ಮಾಂಟ್ರಿಯಲ್‌ನಲ್ಲಿ ಮೊದಲ ಬಾರಿಗೆ ನಡೆದ ಶಾಸ್ತ್ರ, ಅದಕ್ಕೆ ವಿಧಿ ಬರೆದುಕೊಟ್ಟವರು ರಡ್‌ಯಾರ್ಡ್ ಕಿಪ್ಲಿಂಗ್. 1907ರಲ್ಲಿ ಕಟ್ಟುತ್ತಿರುವಾಗಲೇ ಕುಸಿದು 75 ಕಾರ್ಮಿಕರನ್ನು ಬಲಿ ತೆಗೆದುಕೊಂಡ ಕ್ವಿಬೆಕ್ ಸೇತುವೆಯ ಕಬ್ಬಿಣದಿಂದ ಆ ಉಂಗುರ ಮಾಡುತ್ತಾರೆ ಎನ್ನುವುದು ಬರೀ ದಂತಕಥೆ. ಡ್ರಾಯಿಂಗ್ ಎಳೆಯುವಾಗಲೆಲ್ಲ ಅದು ಹಾಳೆಗೆ ತಾಗಿ ಜವಾಬ್ದಾರಿ ನೆನಪಿಸಬೇಕಂತೆ. ರಾಯರಿಗೆ ಇದು ಬಹಳ ಹಿಡಿಸಿತು. “ನಮ್ಮಲ್ಲೂ ಸೇತುವೆ ಬಿದ್ದ ಮೇಲೆ ಉಂಗುರ ಬರುತ್ತೆ ಸ್ವಾಮಿ. ಚಿನ್ನದ್ದು. ಕಂಟ್ರಾಕ್ಟರ್ ಕೈಗೆ.”

ಒಂದು ಇಂಟರ್ವ್ಯೂ ಅವರು ನನಗೆ ಅಭಿನಯಿಸಿ ತೋರಿಸಿದ್ದಾರೆ. ಎದುರಿಗೆ ಮೂವರು, ಎರಡು ಉಂಗುರ. ‘ಕೆಲಸದ ಜಾಗದಲ್ಲಿ ಭಿನ್ನಾಭಿಪ್ರಾಯ ಬಂದ ಒಂದು ಸಂದರ್ಭವನ್ನೂ ನೀವು ಅದನ್ನು ನಿಭಾಯಿಸಿದ ಬಗೆಯನ್ನೂ ಹೇಳಿ’ ಎಂಬ ಪ್ರಶ್ನೆ. ರಾಯರು ಹೇಳಿದರು: ಹೊಳೆಯ ಎರಡೂ ದಡದ ಊರಿನವರಿಗೆ ಜಗಳ, ಸೇತುವೆ ಯಾರ ಊರಿನ ಕಡೆಯಿಂದ ಶುರುವಾಗಬೇಕು ಅಂತ. ಜೆಸಿಬಿ ಅಡ್ಡಗಟ್ಟಿದರು. ನನ್ನನ್ನು ರಾತ್ರಿಯಿಡೀ ಮಾರಮ್ಮನ ಗುಡಿಯಲ್ಲಿ ಕೂರಿಸಿಕೊಂಡರು. ಊಟ ಚೆನ್ನಾಗಿ ಹಾಕಿದರು. ಬೆಳಗ್ಗೆ ನಾನು ಎರಡೂ ದಡದಲ್ಲಿ ಒಂದೇ ಮುಹೂರ್ತಕ್ಕೆ ಗುದ್ದಲಿಪೂಜೆ ಮಾಡಿಸಿ, ಎರಡೂ ಕಡೆಯಿಂದ ಕೆಲಸ ಶುರು ಮಾಡಿಸಿ, ನಡುವೆ ತಂದು ಸೇರಿಸಿದೆ. ಮೂರು ಮಿಲಿಮೀಟರ್ ವ್ಯತ್ಯಾಸ ಬಂತು, ಅಷ್ಟೆ.

ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಆಮೇಲೆ ಉಂಗುರವಿಲ್ಲದ ಹೆಂಗಸು, ಎಚ್‌ಆರ್ ಇರಬೇಕು, ಬಹಳ ವಿನಯದಿಂದ ಕೇಳಿದಳು: “ಟೀಮ್ ಮೀಟಿಂಗಿನಲ್ಲಿ ಆದ ಯಾವುದಾದರೂ ಉದಾಹರಣೆ ಇದೆಯೇ?”

ರಾಯರು ಹೇಳುವುದೆಲ್ಲ ಸರಿ, ಈ ದೇಶದವರು ಕೇಳುವುದೆಲ್ಲ ಸುಳ್ಳು ಎಂದು ನಾನು ವಾದಿಸುವುದಿಲ್ಲ. ರಾಯರೂ ವಾದಿಸುವುದಿಲ್ಲ. ಒಂದು ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಫುಟ್‌ಪಾತಿಗೆ ಕಾಂಕ್ರೀಟ್ ಹಾಕುತ್ತಿದ್ದರು. ರಾಯರು ಬೇಲಿಗೆ ಒರಗಿ ಒಂದು ಮಧ್ಯಾಹ್ನವಿಡೀ ನೋಡಿದರು. ಊರಿನಲ್ಲಿ ಅವರು ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದ ಕಾಲವೆಲ್ಲ ಕೂಗಿದ್ದು ಒಂದೇ ಮಾತು, ‘ವೈಬ್ರೇಟರ್ ಹಾಕ್ರೋ, ಗಾಳಿ ಹೋಗ್ಲಿ!’ ಅಂತ. ಇಲ್ಲಿ ನೋಡಿದರೆ ಬೇಕೆಂದೇ ಕೆಮಿಕಲ್ ಬೆರೆಸಿ ಕಾಂಕ್ರೀಟಿನೊಳಗೆ ಶೇಕಡಾ ಐದರಿಂದ ಎಂಟರಷ್ಟು ಸಣ್ಣ ಗಾಳಿಗುಳ್ಳೆ ತುಂಬಿಸುತ್ತಿದ್ದಾರೆ. ಹಾಗೆ ಮಾಡದಿದ್ದರೆ ಒಳಗಿನ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬಲು ಜಾಗವಿಲ್ಲದೆ ಕಾಂಕ್ರೀಟನ್ನೇ ಸೀಳುತ್ತದೆ. ಬುನಾದಿಯೂ ಅಷ್ಟೆ, ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ, ಇಲ್ಲಿ ಸುಮಾರು ನಾಲ್ಕು ಅಡಿ, ಇಳಿಸಲೇಬೇಕು. ರಾಯರು ಬಾಯಿಪಾಠ ಮಾಡಿದ್ದ ನಮ್ಮ ದೇಶದ ಕಾಂಕ್ರೀಟ್ ಕೋಡು ಐಎಸ್ 456 ಅವರಿಗೆ ಈ ಊರಿನ ಚಳಿಯನ್ನು ಕಲಿಸಿರಲಿಲ್ಲ.

“ಅವರು ಹೇಳೋದ್ರಲ್ಲೂ ಅರ್ಥ ಇದೆ ಸ್ವಾಮಿ. ನಾನು ಇಲ್ಲಿ ಬಂದ ದಿನವೇ ಡಿಸೈನ್ ಮಾಡಿದ್ರೆ ಮೊದಲನೇ ಜನವರಿಗೆ ಬಿರುಕು ಬಿಡ್ತಿತ್ತು” ಎಂದರು. ಸ್ವಲ್ಪ ತಡೆದು, “ಆದ್ರೆ ನನಗೆ ಇದು ಒಂದು ಮಧ್ಯಾಹ್ನದಲ್ಲಿ ಗೊತ್ತಾಯ್ತಲ್ಲ. ಬೇಲಿ ಈಚೆ ನಿಂತು. ಬೇಲಿ ಆಚೆ ಬಿಟ್ಟಿದ್ರೆ ಒಂದು ಚಳಿಗಾಲದಲ್ಲಿ ಎಲ್ಲಾ ಗೊತ್ತಾಗ್ತಿತ್ತು” ಎಂದರು. ನನ್ನ ಅಭಿಪ್ರಾಯವೂ ಅದೇ. ಕಲಿಯಬೇಕಾದ್ದು ಇಲ್ಲವೆಂದಲ್ಲ, ಅದು ಒಂದು ಚಳಿಗಾಲದಷ್ಟಿದೆ. ಅದಕ್ಕೆ ಕಟ್ಟಿರುವ ಬೇಲಿ ಎಂಟು ವರ್ಷದಷ್ಟಿದೆ.

ಬೇಲಿ ದಾಟಿಸಿದ್ದು ಕೊನೆಗೂ ರೆಸ್ಯೂಮೆಯೇ, ಆದರೆ ರಾಯರದಲ್ಲ. ಕೆಂಪು ಪೆನ್ನಿನ ಕೃಪೆಯಿಂದ ಕಾಂಕ್ರೀಟ್ ಪರೀಕ್ಷಿಸುವ ಲ್ಯಾಬೊಂದರಲ್ಲಿ ಕೋಆರ್ಡಿನೇಟರ್ ಆಗಿದ್ದ ದಾವಣಗೆರೆಯ ಹುಡುಗನೊಬ್ಬ ರಾಯರ ಹೆಸರನ್ನು ಒಳಗಿಂದ ತಳ್ಳಿದ. ಫೀಲ್ಡ್ ಟೆಕ್ನೀಷಿಯನ್ ಕೆಲಸ. ಸೈಟಿಗೆ ಲಾರಿ ಬಂದ ಕೂಡಲೇ ಕಾಂಕ್ರೀಟಿನ ಮಾದರಿ ತೆಗೆದು ಸ್ಲಂಪ್, ಅಂದರೆ ಕೋನ್ ಎತ್ತಿದಾಗ ಅದು ಎಷ್ಟು ಕುಸಿಯುತ್ತದೆಂದು, ನೋಡಬೇಕು, ಗಾಳಿ ಎಷ್ಟಿದೆ ಅಳೆಯಬೇಕು, ಸಿಲಿಂಡರ್ ಹುಯ್ಯಬೇಕು. ಅದಕ್ಕೂ ಒಂದು ಸರ್ಟಿಫಿಕೇಟ್ ಪರೀಕ್ಷೆ ಇದೆ, ಬರವಣಿಗೆಯದೊಂದು, ಕೈಕೆಲಸದ್ದೊಂದು. ಬರವಣಿಗೆ ರಾಯರಿಗೆ ನೀರು ಕುಡಿದಷ್ಟು ಸುಲಭ. ಕೈಕೆಲಸದ್ದೇ ಭಯ.

ಯಾಕೆಂದರೆ ಊರಿನಲ್ಲಿ ರಾಯರು ಸಾವಿರಾರು ಸ್ಲಂಪ್ ರಿಜಿಸ್ಟರುಗಳಿಗೆ ಸಹಿ ಹಾಕಿದ್ದಾರೆ, ಜೀಪಿನ ಬಾನೆಟ್ಟಿನ ಮೇಲೆ ಪುಸ್ತಕ ಇಟ್ಟುಕೊಂಡು. ಕೋನ್ ಹಿಡಿದು ಎತ್ತುತ್ತಿದ್ದವನು ಲ್ಯಾಬಿನ ಹುಡುಗ. ಹುಡುಗ ಎಂದರೆ ಈಗ ನಲವತ್ತೇಳು ವಯಸ್ಸು. ನಮ್ಮ ಸೈಟುಗಳಲ್ಲಿ ಕಂಬಿ ಹಿಡಿದವನು ರಿಟೈರಾಗುವವರೆಗೂ ಹುಡುಗನೇ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಒಂದು ಉಳಿದುಹೋಗಿದೆ. ಪರೀಕ್ಷೆಗೆ ಎರಡು ವಾರವಿರುವಾಗ ರಾಯರು ಅವನಿಗೆ ವಾಟ್ಸ್ಆ್ಯಪ್ ವಿಡಿಯೋ ಕಾಲ್ ಮಾಡಿದರು.

ಶನಿವಾರ ಬೆಳಗ್ಗೆ ಬ್ರಾಂಪ್ಟನ್ನಿನ ಹಿತ್ತಲು. ಲ್ಯಾಬಿನಿಂದ ಕಡ ತಂದ ಮುನ್ನೂರು ಮಿಲಿಮೀಟರ್ ಎತ್ತರದ ಕೋನ್, ಬಕೆಟ್ಟಿನಲ್ಲಿ ಒದ್ದೆ ಮರಳು, ಮೊನೆ ದುಂಡಗಿರುವ ಕುಟ್ಟುವ ಕಂಬಿ. ಹೂವಿನ ಕುಂಡಕ್ಕೆ ಒರಗಿಸಿಟ್ಟ ಫೋನಿನಲ್ಲಿ ಮೈಸೂರಿನ ಸಂಜೆ. ಲ್ಯಾಬಿನ ಹುಡುಗ ಬನಿಯನ್ನಿನಲ್ಲಿ ಕೂತು ಟೀ ಕುಡಿಯುತ್ತಿದ್ದಾನೆ. ನಾನು ಮೆಟ್ಟಿಲ ಮೇಲೆ.

“ಕಾಲು ಎಲ್ಲಿ ಸಾರ್? ಎರಡೂ ಕಿವಿ ಮೇಲೆ ಕಾಲಿಟ್ಟು ನಿಂತ್ಕೊಳಿ. ಇಲ್ದಿದ್ರೆ ಕೋನ್ ಅಲ್ಲಾಡ್ತದೆ.”

ರಾಯರು ನಿಂತರು. ಮರಳು ಮೂರು ಪದರ, ಪದರಕ್ಕೆ ಇಪ್ಪತ್ತೈದು ಕುಟ್ಟು. ರಾಯರು ಎಣಿಸಿಕೊಂಡು ಕುಟ್ಟಿದರು.

“ಎರಡನೇದು ಕುಟ್ಟುವಾಗ ಕಂಬಿ ಕೆಳಗಿನ ಪದರಕ್ಕೂ ಒಂಚೂರು ಇಳೀಬೇಕು ಸಾರ್. ನೀವು ಮೇಲಷ್ಟೇ ಕುಟ್ತಿದೀರ.”

“ಕೋಡಿನಲ್ಲಿ ಹಾಗೇ ಇದೆ ಕಣೋ, ನನಗೆ ಗೊತ್ತು.”

“ಗೊತ್ತಿದ್ರೆ ಇಳಿಸಿ ಸಾರ್.”

ಮೇಲ್ಭಾಗ ಮಟ್ಟ ಮಾಡಿ ರಾಯರು ಕೋನ್ ಎತ್ತಿದರು. ಒಂದು ಕಡೆಗೆ ವಾಲಿತು, ಮರಳು ಅರ್ಧ ಜಾರಿ ಬೂಟಿನ ಮೇಲೆ ಬಿತ್ತು.

“ತಿರುಚ್ತೀರ ಸಾರ್ ನೀವು. ನೇರ ಎತ್ತಬೇಕು. ಒಂದು, ಎರಡು, ಮೂರು, ನಾಲ್ಕು, ಐದು. ಅಷ್ಟು ಹೊತ್ತಲ್ಲಿ ಮೇಲೆ ಬರಬೇಕು.” ಟೀ ಲೋಟ ಕೆಳಗಿಟ್ಟ. “ಸಾರ್, ಅಲ್ಲಿ ಈ ಕೆಲಸಕ್ಕೆ ಎಷ್ಟು ಕೊಡ್ತಾರೆ?”

ರಾಯರು ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ನನ್ನನ್ನೂ ಕರೆಸ್ಕೋಬಹುದಾ ಸಾರ್? ಇಪ್ಪತ್ತೈದು ವರ್ಷದ ಸರ್ವೀಸು.”

ರಾಯರು ಅಭ್ಯಾಸಬಲದಿಂದ ಲೆಕ್ಕಕ್ಕೆ ತೊಡಗಿದರು. “ವಯಸ್ಸಿಗೆ ಸೊನ್ನೆ. ಓದಿಗೆ ಸೊನ್ನೆ. ಐಇಎಲ್‌ಟಿಎಸ್ ಬರೆದಿಲ್ಲವಲ್ಲ ನೀನು?”

“ಅದ್ಯಾವ ಟೆಸ್ಟ್ ಸಾರ್, ಕ್ಯೂಬಿಗಾ, ಸಿಲಿಂಡರಿಗಾ?”

“ಇಂಗ್ಲಿಷಿಗೆ. ನಿನಗೆ ಪಾಯಿಂಟ್ ಬರಲ್ಲಪ್ಪ.”

“ನಿಮಗೆ ಬಂದಿತ್ತಾ?”

“ಬಂದಿತ್ತು. ಚೆನ್ನಾಗೇ ಬಂದಿತ್ತು.”

“ಅದಕ್ಕೇ ಮತ್ತೆ” ಎಂದ ಲ್ಯಾಬಿನ ಹುಡುಗ, ಬೂಟಿನ ಮೇಲಿನ ಮರಳನ್ನೇ ನೋಡುತ್ತ. “ಕೊಡವ್ಕೊಳಿ ಸಾರ್. ಕೋನ್ ಒಳಗಡೆ ಒಂಚೂರು ಒದ್ದೆ ಮಾಡ್ಕೊಳಿ. ಇನ್ನೊಂದ್ ಸಲ.”